ಫಾಡ್‌ಮ್ಯಾಪ್ ಪಥ್ಯ: ಪರೀಕ್ಷೆಯಾಗಿ, ವ್ರತವಾಗಿ

ಕರುಳಿನ ಗೋಡೆಯಲ್ಲಿ ಹುಣ್ಣಾಗಲಿ, ಗೆಡ್ಡೆಯಾಗಲಿ ಕಾಣಿಸದಿದ್ದರೂ ಹೊಟ್ಟೆನೋವು, ಉಬ್ಬರ, ಭೇದಿ ಅಥವಾ ಮಲಬದ್ಧತೆ ತಿಂಗಳುಗಟ್ಟಲೆ ಕಾಡುವ ಸ್ಥಿತಿಯನ್ನು ವೈದ್ಯರು ಇರಿಟಬಲ್ ಬವೆಲ್ ಸಿಂಡ್ರೋಮ್, ಚಿಕ್ಕದಾಗಿ ಐಬಿಎಸ್, ಎಂದು ಕರೆಯುತ್ತಾರೆ. ಕರುಳು ಮತ್ತು ಮಿದುಳಿನ ನಡುವಣ ನರಸಂಪರ್ಕ ಏರುಪೇರಾಗಿ, ಬೇರೆಯವರಿಗೆ ಗಮನಕ್ಕೂ ಬಾರದ ಹಿಗ್ಗುವಿಕೆ ಈ ರೋಗಿಗಳಿಗೆ ನೋವಾಗಿ ತಿಳಿಯುತ್ತದೆ ಎಂಬುದು ಇಂದಿನ ವಿವರಣೆ. ಪ್ರಾಣಕ್ಕೆ ಎರವಾಗದ, ಆದರೆ ಬದುಕನ್ನು ಶೌಚಾಲಯದ ಸುತ್ತಳತೆಗೆ ಕಟ್ಟಿಹಾಕಬಲ್ಲ ಈ ತೊಂದರೆಗೆ ಕಳೆದ ಎರಡು ದಶಕಗಳಲ್ಲಿ ಹೆಚ್ಚು ಹೆಸರು ಮಾಡಿದ ಆಹಾರಕ್ರಮವೆಂದರೆ ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಗಿಬ್ಸನ್, ಸ್ಯೂ ಶೆಫರ್ಡ್ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ ಫಾಡ್‌ಮ್ಯಾಪ್ ಪಥ್ಯ.

ಸಣ್ಣ ಕರುಳಿನಲ್ಲಿ ಪೂರ್ತಿ ಹೀರಿಕೆಯಾಗದೆ, ನೀರನ್ನು ಒಳಗೆಳೆದುಕೊಂಡು ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಹುದುಗಿ ಅನಿಲವಾಗುವ ಕೆಲವು ಬಗೆಯ ಸಕ್ಕರೆಗಳಿಗೆ 2005ರಲ್ಲಿ ಕೊಟ್ಟ ಒಟ್ಟು ಹೆಸರು ಫಾಡ್‌ಮ್ಯಾಪ್. ಈರುಳ್ಳಿ, ಬೆಳ್ಳುಳ್ಳಿ ಮತ್ತು ಗೋಧಿಯಲ್ಲಿರುವ ಫ್ರಕ್ಟಾನ್, ಬೇಳೆಕಾಳುಗಳ ಗ್ಯಾಲಕ್ಟೊ-ಆಲಿಗೊಸ್ಯಾಕರೈಡ್, ಹಾಲಿನ ಲ್ಯಾಕ್ಟೋಸ್, ಮಾವು ಮತ್ತು ಜೇನಿನಲ್ಲಿರುವ ಹೆಚ್ಚುವರಿ ಫ್ರಕ್ಟೋಸ್ ಇದರೊಳಗೆ ಬರುತ್ತವೆ. ಪಥ್ಯಕ್ಕೆ ಮೂರು ಹಂತಗಳಿವೆ: ಎರಡರಿಂದ ಆರು ವಾರ ಇವೆಲ್ಲವನ್ನೂ ತಗ್ಗಿಸುವುದು, ಆಮೇಲೆ ಒಂದೊಂದು ಗುಂಪನ್ನೇ ಅಳತೆಯಲ್ಲಿ ಮರಳಿ ತಿಂದು ನೋಡುವುದು, ಕೊನೆಗೆ ತೊಂದರೆ ಕೊಟ್ಟದ್ದನ್ನಷ್ಟೇ ಮಿತಿಯಲ್ಲಿಡುವುದು.

ಇದರ ಬೆನ್ನಿಗಿರುವ ಪುರಾವೆ ಟೊಳ್ಳಲ್ಲ. 2014ರಲ್ಲಿ ಮೊನಾಶ್ ತಂಡವು 30 ಐಬಿಎಸ್ ರೋಗಿಗಳಿಗೆ ಊಟವನ್ನೆಲ್ಲ ತಾನೇ ಒದಗಿಸಿ, 21 ದಿನ ಈ ಪಥ್ಯದಲ್ಲೂ 21 ದಿನ ಸಾಮಾನ್ಯ ಆಸ್ಟ್ರೇಲಿಯನ್ ಆಹಾರದಲ್ಲೂ ಇರಿಸಿ ಹೋಲಿಸಿದಾಗ, ಪಥ್ಯದ ಅವಧಿಯಲ್ಲಿ ರೋಗಲಕ್ಷಣಗಳ ಅಂಕ ಸುಮಾರು ಅರ್ಧಕ್ಕಿಳಿದಿತ್ತು. ಆದರೆ 2015ರಲ್ಲಿ ಸ್ವೀಡನ್ನಿನಲ್ಲಿ 75 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಹೊತ್ತಿಗೆ ಸರಿಯಾಗಿ ಸ್ವಲ್ಪಸ್ವಲ್ಪವೇ ಉಣ್ಣುವುದು, ಕೊಬ್ಬು, ಖಾರ, ಕಾಫಿ, ಮದ್ಯಗಳನ್ನು ತಗ್ಗಿಸುವುದು ಎಂಬ ಹಳೆಯ ಸಲಹೆಯೂ ಹೆಚ್ಚುಕಡಿಮೆ ಅಷ್ಟೇ ಜನರಿಗೆ ಗುಣ ಕೊಟ್ಟಿತು. ಎರಡೂ ಗುಂಪಿನಲ್ಲಿ ನೆಮ್ಮದಿ ಕಂಡವರು ಅರ್ಧದಷ್ಟು. ಹೀಗಿರುವಾಗ ಕಷ್ಟದ ಪಥ್ಯವನ್ನೇ ಮೊದಲ ಮೆಟ್ಟಿಲಾಗಿಸುವುದು ನ್ಯಾಯವೆನಿಸುವುದಿಲ್ಲ.

ಪಥ್ಯದ ನಿಜವಾದ ಸತ್ವವಿರುವುದು ಎರಡನೆಯ ಹಂತದಲ್ಲಿ, ಮತ್ತು ಬಳಕೆಯಲ್ಲಿ ಸೋಲುತ್ತಿರುವುದೂ ಅಲ್ಲಿಯೇ. ಮೊದಲ ಹಂತದಲ್ಲಿ ಹೊಟ್ಟೆ ಹಗುರಾದ ಕೂಡಲೇ, ಬಿಟ್ಟದ್ದನ್ನು ಮತ್ತೆ ಮುಟ್ಟುವ ಧೈರ್ಯ ಬಾರದೆ, ಒಂದು ಪರೀಕ್ಷೆಯಾಗಿದ್ದದ್ದು ಕೊನೆಯಿಲ್ಲದ ವ್ರತವಾಗುತ್ತದೆ. ಫ್ರಕ್ಟಾನ್ ಮುಂತಾದವು ಬೈಫಿಡೊಬ್ಯಾಕ್ಟೀರಿಯಾ ಎಂಬ ಉಪಕಾರಿ ಜೀವಿಗಳ ಆಹಾರವೂ ಹೌದು. ಕೆಲವೇ ವಾರಗಳ ಕಟ್ಟುನಿಟ್ಟಿನಲ್ಲೂ ಅವುಗಳ ಸಂಖ್ಯೆ ಇಳಿಯುವುದು ಪ್ರಯೋಗಗಳಲ್ಲಿ ಕಂಡಿದೆ. ನಾರು, ಕ್ಯಾಲ್ಸಿಯಂ ಕೊರತೆಯಾಗಬಹುದು, ಊಟದ ಬಗ್ಗೆ ಭಯ ಬೇರೂರಬಹುದು. ಮೊಬೈಲಿನಲ್ಲಿ ಹರಿದಾಡುವ ‘ತಿನ್ನಬಾರದ ಪದಾರ್ಥಗಳ ಪಟ್ಟಿ’ಗಳು ಈ ಪಥ್ಯದ ಮೂರನೆಯ ಒಂದು ಭಾಗವನ್ನು ಮಾತ್ರ, ಅದೂ ತಪ್ಪು ಭಾಗವನ್ನು, ಜನರಿಗೆ ಮುಟ್ಟಿಸುತ್ತವೆ.

ಬ್ರೆಡ್ಡು ಮತ್ತು ಸೇಬಿನ ನಾಡಿನಲ್ಲಿ ಹುಟ್ಟಿದ ಈ ಕ್ರಮ ಕನ್ನಡದ ಅಡುಗೆಮನೆಗೆ ಬಂದಾಗ ಲೆಕ್ಕ ಬೇರೆಯಾಗುತ್ತದೆ. ಅನ್ನ ಇಲ್ಲಿ ನಿರಾತಂಕ. ಗೋಧಿಯನ್ನು ಬಿಡುವುದೂ ಅನ್ನ ಉಣ್ಣುವವರಿಗೆ ದೊಡ್ಡ ತ್ಯಾಗವಲ್ಲ. ಮಠಗಳ ಅಡುಗೆಯಂತೆ ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಹುಳಿ ಮಾಡುವ ಪದ್ಧತಿ ಕೈಗೆಟುಕುವಲ್ಲಿಯೇ ಇದೆ. ಫ್ರಕ್ಟಾನ್ ಎಣ್ಣೆಯಲ್ಲಿ ಕರಗದ ಕಾರಣ, ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಬಾಡಿಸಿ ಎಸಳನ್ನು ತೆಗೆದುಹಾಕಿದರೆ ಒಗ್ಗರಣೆಯ ಪರಿಮಳವನ್ನೂ ಉಳಿಸಿಕೊಳ್ಳಬಹುದು. ಎಡವುವುದು ಬೇಳೆಯಲ್ಲಿ: ಮಾಂಸ ತಿನ್ನದವರಿಗೆ ತೊಗರಿ, ಕಡಲೆ, ಅವರೆಗಳೇ ಪ್ರೋಟೀನಿನ ಮುಖ್ಯ ಆಧಾರವಾಗಿರುವುದರಿಂದ, ಇಲ್ಲಿ ಕತ್ತರಿ ಆಡಿಸಿದರೆ ಊಟವೇ ಬಡವಾಗುತ್ತದೆ. ಕಾಳನ್ನು ರಾತ್ರಿ ನೆನೆಸಿ ಆ ನೀರನ್ನು ಚೆಲ್ಲಿ ಬೇರೆ ನೀರಿನಲ್ಲಿ ಬೇಯಿಸಿದರೆ ನೀರಿನಲ್ಲಿ ಕರಗುವ ಈ ಸಕ್ಕರೆಗಳು ಕಡಿಮೆಯಾಗುತ್ತವೆ. ಬೇಳೆಯನ್ನು ಪೂರ್ತಿ ಬಿಡುವ ಮೊದಲು ಅಳತೆಯನ್ನು ಇಳಿಸಿ ನೋಡುವುದು ಮೇಲು. ಹಾಲು ಒಗ್ಗದವರಲ್ಲಿ ಹಲವರಿಗೆ ಮೊಸರು, ಮಜ್ಜಿಗೆ ಒಗ್ಗುವುದೂ ಇದೇ ಬಗೆಯ ವಿವೇಕಕ್ಕೆ ಇಂಬು ಕೊಡುತ್ತದೆ.

ಈ ಪಥ್ಯದ ಇನ್ನೊಂದು ಮಿತಿ, ಅದು ಐಬಿಎಸ್ಸನ್ನು ತಟ್ಟೆಯ ರೋಗವೆಂದು ತೋರಿಸುವುದು. ಕರಗುವ ನಾರಾದ ಇಸಬ್ಗೋಲು, ಕಡಿಮೆ ಪ್ರಮಾಣದ ಅಮಿಟ್ರಿಪ್ಟಿಲಿನ್ ಮಾತ್ರೆ, ಕರುಳನ್ನು ಗುರಿಯಾಗಿಟ್ಟ ಸಂಮೋಹನ ಚಿಕಿತ್ಸೆ ಇವುಗಳಿಗೂ ಪ್ರಯೋಗಗಳ ಬೆಂಬಲವಿದೆ.

ಐಬಿಎಸ್ ಎಂದು ಖಚಿತವಾಗುವ ಮೊದಲೇ ಪಥ್ಯ ಹಿಡಿಯುವುದು ಅಪಾಯಕಾರಿ. ಮಲದಲ್ಲಿ ರಕ್ತ, ಕಾರಣವಿಲ್ಲದ ತೂಕ ಇಳಿಕೆ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ ಇದ್ದಲ್ಲಿ ಮೊದಲು ವೈದ್ಯರ ಬಳಿಗೆ ಹೋಗಬೇಕು. ಕರುಳಿನ ಕ್ಷಯವೂ ಇದೇ ವೇಷದಲ್ಲಿ ಬರಬಲ್ಲದು. ಗೋಧಿ ಬಿಟ್ಟಮೇಲೆ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆ ನಂಬಲಾಗದಂತಾಗುವುದರಿಂದ ಅದನ್ನು ಪಥ್ಯಕ್ಕೆ ಮುಂಚೆಯೇ ಮಾಡಿಸಬೇಕು. ಆಹಾರತಜ್ಞರ ಜೊತೆಗೂಡಿ ಆರು ವಾರ ಸರಿಯಾಗಿ ನಡೆಸಿದರೂ ಗುಣ ಕಾಣದಿದ್ದರೆ ಪಥ್ಯವನ್ನು ಬಿಟ್ಟು ಮೊದಲಿನ ಊಟಕ್ಕೆ ಮರಳುವುದೇ ಸರಿ.