ಕೂಲಿಗೆ ಕೊಲ್ಲುವ ಪಾತ್ರ

ಅಮೆರಿಕದಲ್ಲಿ ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’, ಮೇಜಿನ ಸುತ್ತ ಕುಳಿತು, ದಾಳ ಉರುಳಿಸಿ, ಮಾತಿನಲ್ಲಿಯೇ ಕಥೆ ಕಟ್ಟುತ್ತ ಆಡುವ ಆಟ. ಯೋಧ, ಮಾಂತ್ರಿಕ ಮೊದಲಾದ ಪಾತ್ರಗಳಲ್ಲಿ ಒಂದನ್ನು ಆಟಗಾರನು ಧರಿಸುತ್ತಾನೆ. ಮರುವರ್ಷವೇ ಈ ಸಾಲಿಗೆ ಕೂಲಿಯ ಹಂತಕನೂ ಸೇರಿದನು.

ಹಂತಕನು ದುಷ್ಟಸ್ವಭಾವದವನೇ ಆಗಿರಬೇಕೆಂದು 1978ರ ನಿಯಮಗ್ರಂಥ ವಿಧಿಸಿತು. ಲಾಭಕ್ಕಾಗಿ ಕೊಲ್ಲುವುದು ಒಳಿತಿಗೆ ವಿರುದ್ಧವೆಂಬುದು ಅದು ಕೊಟ್ಟ ಕಾರಣ. ಆಟದ ಪುಸ್ತಕವೊಂದರಿಂದ ಇಷ್ಟು ನೇರವಾದ ಮಾತನ್ನು ಯಾರು ನಿರೀಕ್ಷಿಸಿಯಾರು! ಆದರೆ 1979ರ ಗ್ರಂಥದಲ್ಲಿ ಬಡ್ಡಿಯ ಕೋಷ್ಟಕವನ್ನು ಹೋಲುವ ಪಟ್ಟಿಯೊಂದಿದೆ: ಹಂತಕನ ಮಟ್ಟವೆಷ್ಟು, ಬಲಿಯಾಗುವವನ ಮಟ್ಟವೆಷ್ಟು, ಕೊಲೆ ಕೈಗೂಡುವ ಸಂಭವ ಶೇಕಡಾ ಎಷ್ಟು. ಇಬ್ಬರೂ ಮೊದಲ ಮಟ್ಟದವರಾದರೆ ಶೇ. 50. ದುಷ್ಟತನದ ಮುದ್ರೆ ಕೊಲ್ಲುವವನ ಮೇಲೆ ಬಿದ್ದಿತು. ಸಾಯುವವನು ಬರಿಯ ಅಂಕಿಯಾದನು. ಪಾತ್ರಕಲ್ಪನೆಯ ನಿಜವಾದ ದೋಷ ಇಲ್ಲಿದೆ.

1989ರ ಆವೃತ್ತಿ ಹಂತಕನ ವರ್ಗವನ್ನೇ ಕೈಬಿಟ್ಟಿತು. ಹೋದದ್ದು ಹೆಸರು ಮಾತ್ರ. ಹಣ ಪಡೆದು ಕೊಲ್ಲಲು ಕಳ್ಳನಿಗಾಗಲಿ ಯೋಧನಿಗಾಗಲಿ ಅಡ್ಡಿಯಾಗಲಿಲ್ಲ. 2000ದ ಆವೃತ್ತಿಯಲ್ಲಿ ಅವನು ಮರಳಿದಾಗ ವಿಧಿಸಿದ ಷರತ್ತು ಘೋರವಾದುದು: ಹಂತಕರ ಗುಂಪನ್ನು ಸೇರುವುದಕ್ಕಾಗಿಯೇ, ಅನ್ಯ ಕಾರಣವಿಲ್ಲದೆ, ಒಬ್ಬನನ್ನು ಕೊಂದಿರಬೇಕು. ಆದರೂ ಎಲ್ಲ ಆವೃತ್ತಿಗಳಲ್ಲಿ ಪ್ರಾಮಾಣಿಕವಾದ ನಿಯಮವೆಂದರೆ ಇದೇ. ಕೊಲ್ಲುವ ಸಂಕಲ್ಪವನ್ನು ಅದು ಮರೆಮಾಚುವುದಿಲ್ಲ. 2014ರ ಆವೃತ್ತಿಯಲ್ಲಿ ಸ್ವಭಾವದ ಷರತ್ತೂ ಇರಲಿಲ್ಲ. ಅದರಲ್ಲಿ ಎಚ್ಚರ ತಪ್ಪಿದ್ದವನಿಗೆ ತಗುಲಿದ ಪೆಟ್ಟಿಗೆ ದಾಳಗಳು ಇಮ್ಮಡಿಯಾಗುತ್ತಿದ್ದವು. ಆಟಗಾರನು ಅವನ್ನು ಕೂಡಿಸಿ ಮೊತ್ತ ಹೇಳುತ್ತಾನೆ, ಸತ್ತವನ ಹೆಸರನ್ನು ಯಾರೂ ಕೇಳುವುದಿಲ್ಲ.