ಒಂದು ಹೆಸರು, ಹಲವು ಮೈಕಟ್ಟು: ಬಿ.ಎಂ.ಡಬ್ಲ್ಯು. 'ತ್ರೀ ಸೀರೀಸ್' ಕಾರಿನ ಹೊರರೂಪ

ಒಂದೇ ಹೆಸರನ್ನು ಹೊತ್ತ ವಸ್ತುಗಳೆಲ್ಲ ಒಂದೇ ಕುಲಕ್ಕೆ ಸೇರಿದುವೆಂದು ಭಾವಿಸುವುದು ಸುಲಭ. ಆದರೆ ಇತಿಹಾಸಕಾರನಿಗೆ ಅದು ಕ್ಷೇಮಕರವಾದ ಮಾರ್ಗವಲ್ಲ. ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆಯ 'ತ್ರೀ ಸೀರೀಸ್' ಎಂಬ ಚಿಕ್ಕ ಗಾತ್ರದ ಐಷಾರಾಮದ ಕಾರು ಇದಕ್ಕೆ ತಕ್ಕ ನಿದರ್ಶನ. ಇದರ ಸೆಡಾನ್, ಕೂಪೆ, ಟೂರಿಂಗ್ ಮೊದಲಾದುವು ಒಂದೇ ಕಾರಿನ ರೂಪಾಂತರಗಳೆಂಬ ಮಾತು ರೂಢಿಯಲ್ಲಿದೆ. ಈ ಮಾತು ಎಷ್ಟರಮಟ್ಟಿಗೆ ನಿಲ್ಲತಕ್ಕುದೆಂಬುದನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

1982ರ ಇ-30 ಪೀಳಿಗೆಯ ಮಟ್ಟಿಗೆ ಈ ಮಾತು ಬಹುತೇಕ ಸತ್ಯ. ಮೊದಲು ಎರಡು ಬಾಗಿಲಿನ ಕಾರು, ಮರುವರ್ಷ ನಾಲ್ಕು ಬಾಗಿಲಿನದು ಬಂದಿತು. ಬಾನೆಟ್ಟು, ದೀಪ, ಡಿಕ್ಕಿ, ಚಾವಣಿಯ ರೇಖೆ ಇವೆಲ್ಲ ಎರಡರಲ್ಲಿಯೂ ಒಂದೇ. ಸಂಸ್ಥೆಯ ನೌಕರ ಮಾಕ್ಸ್ ರೈಸ್‌ಬೋಕ್ ತನ್ನ ಸಂಸಾರಕ್ಕೆ ಸ್ಥಳ ಸಾಲದೆಂದು ಸೆಡಾನೊಂದನ್ನು ಕತ್ತರಿಸಿ ಹಿಂಬದಿಯ ಚಾವಣಿಯನ್ನು ನೀಳಗೊಳಿಸಿದನು; 1987ರಲ್ಲಿ ಪ್ರದರ್ಶಿತವಾದ ಟೂರಿಂಗಿನ ಮೂಲ ಇದೇ. ಇಲ್ಲಿ ಭೇದವು ಉಪಯೋಗದಿಂದ ಹುಟ್ಟಿದೆ.

1992ರಲ್ಲಿ ಬಂದ ಇ-36 ಕೂಪೆಯಲ್ಲಿ ಭೇದದ ಸ್ವಭಾವವೇ ಬದಲಾಯಿತು. ಅದು ಎರಡು ಬಾಗಿಲಿನ ಸೆಡಾನಲ್ಲ. ಅದರ ಚಾವಣಿ ತಗ್ಗಿತು, ಬಾಗಿಲಿನ ಗಾಜಿಗೆ ಚೌಕಟ್ಟು ಇಲ್ಲವಾಯಿತು.

ಈ ಬದಲಾವಣೆ ಪೂರ್ಣಗೊಂಡುದು 1998ರ ಇ-46 ಪೀಳಿಗೆಯಲ್ಲಿ. ಸೆಡಾನನ್ನೂ 1999ರ ಕೂಪೆಯನ್ನೂ ಎದುರಿನಿಂದ ನೋಡಿದವರಿಗೆ ಎರಡೂ ಒಂದೆಂದೇ ತೋರುತ್ತದೆ. ಒಂದೇ ಗಾಜಿನ ಹಿಂದೆ ಜೋಡಿ ದುಂಡು ದೀಪಗಳು, ನಡುವೆ ಇಬ್ಭಾಗವಾದ ಜಾಲರಿ. ಆದರೆ ಒಂದರ ಬಾನೆಟ್ಟಾಗಲಿ, ಮುಂದಿನ ಮಡ್‌ಗಾರ್ಡಾಗಲಿ, ದೀಪವಾಗಲಿ ಇನ್ನೊಂದಕ್ಕೆ ಹೊಂದುವುದಿಲ್ಲ. ಕೂಪೆಯ ಎತ್ತರ ಸುಮಾರು 4.5 ಸೆಂಟಿಮೀಟರು ಕಡಿಮೆ. ಟೂರಿಂಗಿನ ಮುಂಭಾಗವಾದರೋ ಸೆಡಾನಿನದೇ. 2001ರಲ್ಲಿ ಸೆಡಾನಿನ ಮುಖವನ್ನು ತಿದ್ದಿದಾಗ ಟೂರಿಂಗಿಗೂ ಅದೇ ತಿದ್ದುಪಡಿಯಾಯಿತು; ಕೂಪೆ ಮತ್ತು ಚಾವಣಿ ಮಡಿಸುವ ಕನ್ವರ್ಟಿಬಲ್‌ಗಳ ಸರದಿ ಬಂದುದು 2003ರಲ್ಲಿ. ಒಂದೇ ಹೆಸರಿನಡಿ ಎರಡು ಮನೆತನಗಳಿದ್ದುವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

2001ರ ಕಾಂಪ್ಯಾಕ್ಟ್ ಎಂಬ ಅಗ್ಗದ ಮಾದರಿಯ ಸಂಗತಿ ಬೇರೆ. ಅದರ ಬಾಲವನ್ನು ಸುಮಾರು 20 ಸೆಂಟಿಮೀಟರು ಮೊಟಕುಗೊಳಿಸಿದುದು ಉಪಯೋಗಕ್ಕಾಗಿ ಎನ್ನಬಹುದು. ಆದರೆ ಜೋಡಿ ದೀಪಗಳನ್ನು ಬಿಡಿಬಿಡಿಯಾಗಿ ಕಾಣುವಂತೆ ಮಾಡಿ ಅದಕ್ಕೆ ಪ್ರತ್ಯೇಕ ಮುಖವನ್ನು ಕೊಟ್ಟುದರಿಂದ ಯಾವ ಉಪಯೋಗವೂ ಸಿದ್ಧಿಸಲಿಲ್ಲ. ಕಡಿಮೆ ಬೆಲೆ ತೆತ್ತವನನ್ನು ದೂರದಿಂದಲೇ ಗುರುತಿಸುವ ಸಾಧನವಾಯಿತು, ಅಷ್ಟೆ. ಇದನ್ನು ನಾವು ದೋಷವೆಂದೇ ಎಣಿಸುತ್ತೇವೆ.

ಇಂಜಿನುಗಳು ಬಹುಮಟ್ಟಿಗೆ ಸಮಾನ, ಗಾಲಿಗಳ ನಡುವಣ ಅಂತರವೂ ಎಲ್ಲದರಲ್ಲಿ 2725 ಮಿಲಿಮೀಟರು. ಆದುದರಿಂದ ಹೊರರೂಪದ ಭೇದ ಬರಿಯ ಉಡುಪಿನದೆಂದು ಆಕ್ಷೇಪಿಸಬಹುದು. ಇದರಲ್ಲಿ ಹುರುಳಿಲ್ಲದಿಲ್ಲ. ಆದರೆ ಉಡುಪೂ ಚರಿತ್ರೆಯ ಆಧಾರವೇ. 2013ರಲ್ಲಿ ಸಂಸ್ಥೆಯು ಕೂಪೆ ಮತ್ತು ಕನ್ವರ್ಟಿಬಲ್‌ಗಳಿಗೆ 'ಫೋರ್ ಸೀರೀಸ್' ಎಂಬ ಬೇರೆ ಹೆಸರಿಟ್ಟಿತು. 2014ರಲ್ಲಿ ಅದೇ ಹೆಸರಿನಿಂದ ನಾಲ್ಕು ಬಾಗಿಲಿನ ಕಾರೂ ಬಂದುದರಿಂದ, ಬಾಗಿಲುಗಳ ಲೆಕ್ಕದಿಂದ ವಿಂಗಡಿಸುವ ಹಳೆಯ ಕ್ರಮವೂ ಬಿದ್ದುಹೋಯಿತು. 2020ರಲ್ಲಿ ಈ ಶ್ರೇಣಿಯ ಜಾಲರಿ ಎತ್ತರವಾಗಿ ನೆಟ್ಟಗೆ ನಿಂತು, ಮುಖವೂ ಪೂರ್ತಿಯಾಗಿ ಬೇರೆಯಾಯಿತು.

ಹೆಸರನ್ನು ನಂಬಿದರೆ ಈ ಅಗಲಿಕೆಯ ಕಾಲ 2013. ತಗಡನ್ನು ನಂಬಿದರೆ ಅದು 1992ರಲ್ಲಿ ಮೊದಲಾಗಿ 1999ರಲ್ಲಿ ಮುಗಿದಿದೆ. ನಾವು ತಗಡಿನ ಸಾಕ್ಷ್ಯವನ್ನೇ ಗ್ರಾಹ್ಯವೆಂದು ಭಾವಿಸುತ್ತೇವೆ.