ಬಿದರಿಯ ಕಪ್ಪು ಮತ್ತು ಕೋಟೆಯ ಮಣ್ಣು

ಬಿದರಿ ಕಲೆಯನ್ನು ಕುರಿತ ಬರೆಹಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ಬಿಸಿಲು ಮಳೆ ಕಾಣದ ಬೀದರ ಕೋಟೆಯ ಮಣ್ಣಿನಿಂದ ಮಾತ್ರವೇ ಪಾತ್ರೆಗೆ ಆ ಅಚ್ಚಗಪ್ಪು ಬರುತ್ತದೆ, ಬೇರೆಡೆಯ ಮಣ್ಣಿಗೆ ಆ ಗುಣವಿಲ್ಲ ಎಂದು. ಒಬ್ಬರು ಬರೆದುದನ್ನು ಮತ್ತೊಬ್ಬರು ಎತ್ತಿ ಬರೆದ ಮಾತ್ರಕ್ಕೆ ಅದು ಪ್ರಮಾಣವಾಗಲಾರದು. ಶಾಸನಗಳನ್ನು ಓದುವಾಗ ಈ ಎಚ್ಚರವನ್ನು ಪಾಲಿಸುವ ನಾವು ಕುಶಲಕಲೆಯ ವಿಷಯದಲ್ಲಿ ಅದನ್ನು ಮರೆಯುವುದು ವಿಚಿತ್ರವಾಗಿದೆ.

ಬಹುಪಾಲು ಸತುವು, ಅಲ್ಪಪಾಲು ತಾಮ್ರ ಕೂಡಿದ ಮಿಶ್ರಲೋಹದಿಂದ ಪಾತ್ರೆಯನ್ನು ಎರಕ ಹೊಯ್ದು, ಬೆಳ್ಳಿಯನ್ನು ಕೂರಿಸಿ, ಕೊನೆಗೆ ಬಿಸಿಮಾಡಿ ಮಣ್ಣು ಮತ್ತು ನವಸಾಗರದ ಮಿಶ್ರಣವನ್ನು ಹಚ್ಚುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ಮಣ್ಣು, ನವಸಾಗರ, ಶಾಖ, ಲೋಹದ ಪಾಕ, ಈ ನಾಲ್ಕೂ ಕೂಡಿದಾಗ ದೊರೆತ ಫಲವನ್ನು ಒಂದಕ್ಕೇ ಸಲ್ಲಿಸಿರುವುದು ಈ ವಾದದ ಮೂಲದೋಷ. ೧೯೮೭ರಲ್ಲಿ ಪ್ರಕಟವಾದ ಸೂಸನ್ ಲಾ ನೀಸ್ ಮತ್ತು ಗ್ರಹಾಂ ಮಾರ್ಟಿನ್ ಅವರ ಪರೀಕ್ಷೆಯು ಲೋಹದೊಳಗಿನ ತಾಮ್ರಕ್ಕೇ ಮುಖ್ಯಸ್ಥಾನವನ್ನು ಕೊಟ್ಟಿತು.

ಇನ್ನು ಮಣ್ಣಿನ ಮಾತು. ನೆರಳಿನ ಹಳೆಯ ಕಟ್ಟಡಗಳ ಮಣ್ಣಿನಲ್ಲಿ ಪೆಟ್ಲುಪ್ಪು ಕೂಡಿಕೊಳ್ಳುವುದುಂಟು. ಮಳೆಗೆ ಅದು ಕರಗಿಹೋಗುತ್ತದೆ. ಕುಶಲಕರ್ಮಿಗಳು ಮಣ್ಣನ್ನು ನಾಲಗೆಯ ಮೇಲಿಟ್ಟು ನೋಡುವುದನ್ನು ಮೂಢಾಚಾರವೆಂದು ಕರೆಯುವವರು ಈ ಸಂಗತಿಯನ್ನು ಗಮನಿಸಬೇಕು. ಅದು ಪರೀಕ್ಷೆಯೇ ಸರಿ. ಬರೆಹಗಾರರು ಅಷ್ಟನ್ನೂ ಮಾಡಲಿಲ್ಲ!

ಹಾಗಾದರೆ ಗುಣವಿರುವುದು ಬೀದರಿನಲ್ಲೋ, ನೆರಳಿನಲ್ಲೋ? ಇದನ್ನು ತಿಳಿಯಲು ಒಂದೇ ಎರಕದ ತುಂಡುಗಳನ್ನು ತೆಗೆದುಕೊಂಡು, ಶಾಖವನ್ನೂ ನವಸಾಗರವನ್ನೂ ಸಮನಾಗಿರಿಸಿ, ಮಣ್ಣನ್ನು ಮಾತ್ರ ಬದಲಿಸಬೇಕು. ಬೀದರ ಕೋಟೆಯ ಒಳಮಣ್ಣು, ಅದರ ಹೊರಗಿನ ಜಂಬಿಟ್ಟಿಗೆ ಮಣ್ಣು, ಔರಾದದ ಬಯಲಿನ ಎರೆಮಣ್ಣು, ಅದೇ ಎರೆಮಣ್ಣಿಗೆ ಪೆಟ್ಲುಪ್ಪು ಬೆರಸಿದುದು, ಇವುಗಳೊಡನೆ ಭಾಲ್ಕಿಯ ಹಳೆಯ ಕೋಟೆಯ ನೆರಳಿನ ಮಣ್ಣು. ಈ ಕೊನೆಯದೇ ನಿರ್ಣಾಯಕ. ಮಣ್ಣಿಲ್ಲದೆ ಬರಿಯ ನವಸಾಗರ ಹಚ್ಚಿದ ತುಂಡೂ ಹೋಲಿಕೆಗೆ ಬೇಕು. ಯಾವ ತುಂಡಿಗೆ ಯಾವ ಮಣ್ಣೆಂಬುದನ್ನು ಚೀಟಿ ಎತ್ತಿ ಗೊತ್ತುಮಾಡಿ, ಕಪ್ಪನ್ನು ತೂಗಿನೋಡುವ ಕುಶಲಕರ್ಮಿಗೆ ಅದನ್ನು ತಿಳಿಸದಿರಬೇಕು. ಒಂದು ಸಲದ ಫಲ ಸಾಲದು. ಹಲವು ಎರಕಗಳಲ್ಲಿ ಮರಳಿ ಮಾಡಬೇಕು.

ಇದು ಪಂಡಿತರ ವಿನೋದವಲ್ಲ. ಕೋಟೆ ಸಂರಕ್ಷಿತ ಸ್ಮಾರಕ. ಅದರ ನೆರಳಿನ ಮಣ್ಣು ಮುಗಿಯದ ನಿಧಿಯಲ್ಲ. ಭಾಲ್ಕಿಯ ಮಣ್ಣೂ ಸಮನಾಗಿ ಕಪ್ಪು ಕೊಟ್ಟರೆ ಕುಶಲಕರ್ಮಿಗೆ ಮತ್ತೊಂದು ದಾರಿ ತೆರೆಯುತ್ತದೆ. ಕೊಡದಿದ್ದರೆ, ಹಳೆಯ ಮಾತಿಗೆ ಮೊದಲ ಬಾರಿಗೆ ಆಧಾರ ದೊರೆಯುತ್ತದೆ.